ನೋವು ಇಳಿದ ಮೇಲೂ ಬೇಕಾದ ಎಚ್ಚರ: ಮೇದೋಜೀರಕ ಗ್ರಂಥಿಯ ಉರಿಯೂತ ಮತ್ತು ರಕ್ತದ ಸಕ್ಕರೆ

ಮೇಲುಹೊಟ್ಟೆಯಲ್ಲಿ ಹಠಾತ್ತನೆ ಕಾಣಿಸಿಕೊಂಡು ಬೆನ್ನಿನವರೆಗೆ ಹರಡುವ ಅಸಹನೀಯ ನೋವು, ನಿಲ್ಲದ ವಾಂತಿ, ಆಸ್ಪತ್ರೆಗೆ ದಾಖಲು, ಕೆಲವು ದಿನ ಸಲೈನ್, ಅನಂತರ ಬಿಡುಗಡೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತಕ್ಕೆ, ಅಂದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್‌ಗೆ ತುತ್ತಾದ ರೋಗಿಯ ಕಾಯಿಲೆ ಅಲ್ಲಿಗೆ ಮುಗಿಯಿತೆಂದೇ ಮನೆಯವರು ಭಾವಿಸುತ್ತಾರೆ. ನೋವು ಇಳಿದಿದೆ, ಊಟ ಸೇರುತ್ತಿದೆ, ಇನ್ನೇನು ಬೇಕು ಎಂಬ ಸಮಾಧಾನ ಸಹಜವೇ. ಆದರೆ ಇದೇ ರೋಗಿಗಳಲ್ಲಿ ಗಣನೀಯ ಸಂಖ್ಯೆಯವರಿಗೆ ಮುಂದಿನ ತಿಂಗಳುಗಳಲ್ಲಿ ಅಥವಾ ವರ್ಷಗಳಲ್ಲಿ ಮಧುಮೇಹ ತಲೆದೋರುತ್ತದೆ. ಅದು ಸದ್ದಿಲ್ಲದೆ ಬರುವುದರಿಂದ ಹುಡುಕಿದವರಿಗೆ ಮಾತ್ರ ಬೇಗನೆ ಕಾಣಸಿಗುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ರೋಗಿಗಳ ವಿಷಯದಲ್ಲಿ ಈ ಎಚ್ಚರಿಕೆಗೆ ಇನ್ನೂ ಒಂದು ಕಾರಣವಿದೆ. ಇಂಥ ರೋಗಕ್ಕೆ ಬೇಕಾದ ಸ್ಕ್ಯಾನಿಂಗ್, ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ತಜ್ಞರನ್ನು ಅರಸಿ ಅವರು ಸಾಮಾನ್ಯವಾಗಿ ಕಲಬುರಗಿ ನಗರಕ್ಕೆ ಅಥವಾ ಗಡಿಯಾಚೆಯ ಸೊಲ್ಲಾಪುರಕ್ಕೆ ಹೋಗುತ್ತಾರೆ. ಆಳಂದ ಮತ್ತು ಜೇವರ್ಗಿ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ ಸುಮಾರು 60 ಕಿ.ಮೀ. ದೂರದಲ್ಲಿವೆ. ಚಿಕಿತ್ಸೆ ದೊರೆತದ್ದು ಒಂದು ಊರಿನಲ್ಲಿ, ಮುಂದಿನ ಬದುಕು ಇನ್ನೊಂದು ಊರಿನಲ್ಲಿ. ನಡುವೆ ರೋಗಿಯ ಕಾಗದಪತ್ರಗಳು ಕಳೆದುಹೋದರೆ, ಎರಡು ವರ್ಷಗಳ ನಂತರ ಪತ್ತೆಯಾಗುವ ಸಕ್ಕರೆ ಕಾಯಿಲೆಗೂ ಹಿಂದಿನ ಹೊಟ್ಟೆನೋವಿಗೂ ಇರುವ ನಂಟು ಯಾರ ಗಮನಕ್ಕೂ ಬರುವುದಿಲ್ಲ.

ಒಂದೇ ಗ್ರಂಥಿ, ಎರಡು ಕೆಲಸ

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂ.ಮೀ. ಉದ್ದದ ಅಂಗ. ಇದರ ಬಹುಭಾಗ ಜೀರ್ಣರಸವನ್ನು ತಯಾರಿಸಿ ಸಣ್ಣಕರುಳಿಗೆ ಕಳುಹಿಸುತ್ತದೆ. ಈ ರಸದಲ್ಲಿರುವ ಲೈಪೇಸ್ ಕೊಬ್ಬನ್ನೂ, ಅಮೈಲೇಸ್ ಪಿಷ್ಟವನ್ನೂ, ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಪ್ರೋಟೀನನ್ನೂ ಒಡೆಯುತ್ತವೆ. ಗ್ರಂಥಿಯ ತೂಕದಲ್ಲಿ ಶೇ 1ರಿಂದ 2ರಷ್ಟು ಮಾತ್ರ ಇರುವ ಪುಟ್ಟ ಜೀವಕೋಶ ಸಮೂಹಗಳದ್ದು ಬೇರೆಯೇ ಕೆಲಸ. ಇವುಗಳೇ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು. ಇಲ್ಲಿನ ಬೀಟಾ ಕೋಶಗಳು ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ನನ್ನೂ, ಆಲ್ಫಾ ಕೋಶಗಳು ಸಕ್ಕರೆಯನ್ನು ಏರಿಸುವ ಗ್ಲುಕಗಾನನ್ನೂ ಸ್ರವಿಸುತ್ತವೆ.

ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಈ ಕಿರುದ್ವೀಪಗಳನ್ನು 1869ರಲ್ಲಿ ಗುರುತಿಸಿದರು. 1889ರಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಜೋಸೆಫ್ ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಉಂಟಾಯಿತು. ಈ ಗ್ರಂಥಿಗೂ ಸಕ್ಕರೆಗೂ ಇರುವ ಸಂಬಂಧ ಸಿದ್ಧಪಟ್ಟದ್ದು ಹೀಗೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಡೆಸಿದ ಪ್ರಯೋಗಗಳ ಫಲವಾಗಿ 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ನೀಡಲಾಯಿತು. ಜೀರ್ಣರಸ ಮತ್ತು ಹಾರ್ಮೋನು ಒಂದೇ ಅಂಗದಲ್ಲಿ ಉತ್ಪತ್ತಿಯಾಗುವುದರಿಂದ, ಆ ಅಂಗಕ್ಕೆ ಬಿದ್ದ ಪೆಟ್ಟು ಎರಡಕ್ಕೂ ತಾಗಬಹುದು.

ಉರಿಯೂತಕ್ಕೆ ಕಾರಣಗಳು

ಸಾಮಾನ್ಯ ಸ್ಥಿತಿಯಲ್ಲಿ ಜೀರ್ಣಕಿಣ್ವಗಳು ಕರುಳನ್ನು ತಲುಪಿದ ಮೇಲಷ್ಟೇ ಸಕ್ರಿಯಗೊಳ್ಳುತ್ತವೆ. ಯಾವುದೋ ಕಾರಣದಿಂದ ಗ್ರಂಥಿಯ ಒಳಗೇ ಸಕ್ರಿಯಗೊಂಡರೆ ಅವು ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ಇದೇ ತೀವ್ರ ಉರಿಯೂತ. ವಿಶಿಷ್ಟ ಬಗೆಯ ಹೊಟ್ಟೆನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಸಾಮಾನ್ಯ ಮಿತಿಗಿಂತ ಮೂರು ಪಟ್ಟು ಏರಿರುವುದು, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬದಲಾವಣೆ ಈ ಮೂರರಲ್ಲಿ ಎರಡು ಇದ್ದರೆ ರೋಗ ಖಚಿತವಾಗುತ್ತದೆ. 2012ರಲ್ಲಿ ಪರಿಷ್ಕೃತಗೊಂಡ ಅಟ್ಲಾಂಟಾ ವರ್ಗೀಕರಣದ ಮಾನದಂಡವಿದು.

ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಪ್ರಮುಖ ಕಾರಣಗಳು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧಗೊಂಡಿದ್ದರೂ ಉಳಿದ ಮದ್ಯಗಳು ಗ್ರಂಥಿಗೆ ಮಾಡುವ ಹಾನಿ ಅಷ್ಟೇ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ 1,000 ಮಿ.ಗ್ರಾಂ. ಮೀರುವುದು ಮೂರನೆಯ ಕಾರಣ. ನಿಯಂತ್ರಣ ತಪ್ಪಿದ ಮಧುಮೇಹವೇ ಟ್ರೈಗ್ಲಿಸರೈಡನ್ನು ಏರಿಸುವುದರಿಂದ ಇಲ್ಲೊಂದು ವಿಷವರ್ತುಲ ಏರ್ಪಡುತ್ತದೆ: ಮಧುಮೇಹದಿಂದ ಉರಿಯೂತ, ಉರಿಯೂತದಿಂದ ಇನ್ನಷ್ಟು ಮಧುಮೇಹ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಳ, ಕೆಲವು ಔಷಧಗಳು, ಪಿತ್ತನಾಳದೊಳಗೆ ಕೊಳವೆ ಇಳಿಸಿ ಮಾಡುವ ಚಿಕಿತ್ಸೆ ಇತರ ಕಾರಣಗಳು.

ತೊಗರಿಯ ಕಣಜವೆನಿಸಿದ ಈ ಭಾಗದಲ್ಲಿ ನೆನಪಿಡಬೇಕಾದ ಇನ್ನೊಂದು ಕಾರಣವಿದೆ. ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫರಸ್ ವರ್ಗದ ಕೀಟನಾಶಕಗಳು ದೇಹವನ್ನು ಸೇರಿದಾಗ ನರಗಳ ಪ್ರಚೋದನೆ ಮಿತಿಮೀರಿ, ಮೇದೋಜೀರಕ ಗ್ರಂಥಿಯ ಸ್ರಾವ ವಿಪರೀತವಾಗುತ್ತದೆ. ಇಂಥ ವಿಷಪ್ರಾಶನದ ಕೆಲವು ರೋಗಿಗಳಲ್ಲಿ ಗ್ರಂಥಿಯ ಉರಿಯೂತ ಉಂಟಾಗುವುದನ್ನು ವೈದ್ಯಕೀಯ ಸಾಹಿತ್ಯ ದಾಖಲಿಸಿದೆ. ವಿಷದಿಂದ ಪಾರಾದವರಲ್ಲಿ ಹೊಟ್ಟೆನೋವು ಮುಂದುವರಿದರೆ ಅದನ್ನು ಔಷಧದ ಪರಿಣಾಮವೆಂದು ತಳ್ಳಿಹಾಕದೆ ಲೈಪೇಸ್ ಪರೀಕ್ಷೆ ಮಾಡಿಸುವುದು ಲೇಸು.

ಆಸ್ಪತ್ರೆಯಲ್ಲಿರುವಾಗ ಏರುವ ಸಕ್ಕರೆ

ಉರಿಯೂತದ ದಿನಗಳಲ್ಲಿ ಅನೇಕ ರೋಗಿಗಳ ರಕ್ತದ ಸಕ್ಕರೆ ಏರುತ್ತದೆ. ಇವರೆಲ್ಲರೂ ಮಧುಮೇಹಿಗಳಾದರೆಂದು ಅರ್ಥವಲ್ಲ. ದೇಹ ಸಂಕಟದಲ್ಲಿರುವಾಗ ಕಾರ್ಟಿಸಾಲ್, ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಹೆಚ್ಚಿ ಇನ್ಸುಲಿನ್ನಿನ ಪರಿಣಾಮವನ್ನು ತಗ್ಗಿಸುತ್ತವೆ. ಈ ಅವಧಿಯಲ್ಲಿ ಸಕ್ಕರೆಯನ್ನು 140ರಿಂದ 180 ಮಿ.ಗ್ರಾಂ. ನಡುವೆ ಇರಿಸಲು ವೈದ್ಯರು ಅಗತ್ಯವಿದ್ದಷ್ಟು ಇನ್ಸುಲಿನ್ ನೀಡುತ್ತಾರೆ. ಚೇತರಿಸಿಕೊಂಡಂತೆ ಹಲವರಿಗೆ ಅದರ ಅಗತ್ಯ ಉಳಿಯುವುದಿಲ್ಲ.

ಈ ಹಂತದಲ್ಲಿ ಒಂದು ಪರೀಕ್ಷೆ ಬಹಳ ಉಪಯುಕ್ತ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ, ದಾಖಲಾದ ದಿನವೇ ಶೇ 6.5 ಅಥವಾ ಹೆಚ್ಚಿದ್ದರೆ ಮಧುಮೇಹ ಮೊದಲೇ ಇತ್ತೆಂದು ತಿಳಿಯಬಹುದು. ಅದು ಸಾಮಾನ್ಯವಿದ್ದು ಸಕ್ಕರೆ ಮಾತ್ರ ಏರಿದ್ದರೆ ಹೊಸ ಬೆಳವಣಿಗೆಯೆಂದು ಊಹಿಸಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಮಧುಮೇಹದ ಅಂಚಿನಲ್ಲಿರುವ 13.6 ಕೋಟಿ ಜನರೂ ಇರುವರೆಂದು ಅಂದಾಜಿಸಿದೆ. ಇಂಥ ದೇಶದಲ್ಲಿ ಹಳೆಯ ಮಧುಮೇಹವನ್ನು ಹೊಸದರಿಂದ ಬೇರ್ಪಡಿಸುವ ಈ ಒಂದು ಅಂಕಿ ರೋಗಿಯ ಬಿಡುಗಡೆ ಪತ್ರದಲ್ಲಿ ಇರಲೇಬೇಕು.

ಬಿಡುಗಡೆಯ ನಂತರ ಬರುವ ಮಧುಮೇಹ

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 24 ಅಧ್ಯಯನಗಳ 1,102 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ‘ಗಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಂತೆ ಮೊದಲ ಉರಿಯೂತದ ನಂತರ ಶೇ 37ರಷ್ಟು ರೋಗಿಗಳಲ್ಲಿ ಮಧುಮೇಹ ಅಥವಾ ಅದರ ಪೂರ್ವಸ್ಥಿತಿ ಕಂಡುಬಂದಿತು. ಮೊದಲ 12 ತಿಂಗಳೊಳಗೆ ಶೇ 15ರಷ್ಟು ಜನರಿಗೆ ಹೊಸದಾಗಿ ಮಧುಮೇಹ ಬಂದಿತ್ತು. ಐದು ವರ್ಷಗಳ ವೇಳೆಗೆ ಈ ಅಪಾಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಉರಿಯೂತ ಎಷ್ಟು ಉಗ್ರವಾಗಿತ್ತು ಎಂಬುದು ಈ ಅಪಾಯವನ್ನು ಹೆಚ್ಚಾಗಿ ಬದಲಿಸಲಿಲ್ಲ. ಗ್ರಂಥಿಯ ದೊಡ್ಡ ಭಾಗ ಕೊಳೆತವರಲ್ಲಿ ಬೀಟಾ ಕೋಶಗಳು ನಾಶವಾಗುವುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ನಾಲ್ಕೈದು ದಿನಗಳಲ್ಲಿ ಗುಣವಾಗಿ ಮನೆಗೆ ಬಂದವರಿಗೂ ಮಧುಮೇಹ ಬರುತ್ತದೆ. ಹೊಟ್ಟೆಯೊಳಗಿನ ಕೊಬ್ಬು, ಮಂದಗತಿಯಲ್ಲಿ ಮುಂದುವರಿಯುವ ಉರಿಯೂತ, ಇನ್ಸುಲಿನ್ ಪ್ರತಿರೋಧ, ಕರುಳಿನ ಹಾರ್ಮೋನುಗಳ ವ್ಯತ್ಯಾಸ ಇವೆಲ್ಲ ಸೇರಿ ಹೀಗಾಗುತ್ತದೆಂದು ಸಂಶೋಧಕರು ಭಾವಿಸುತ್ತಾರೆ. ಆದ್ದರಿಂದ ‘ನಮಗೆ ಬಂದದ್ದು ಸಣ್ಣ ಪ್ರಮಾಣದ್ದು’ ಎಂಬ ಧೈರ್ಯದಿಂದ ಪರೀಕ್ಷೆಯನ್ನು ಬಿಡುವಂತಿಲ್ಲ.

ಎರಡನೆಯ ವಿಧವೆಂದು ತಪ್ಪಾಗಿ ತಿಳಿದರೆ

ಮೇದೋಜೀರಕ ಗ್ರಂಥಿಯ ಕಾಯಿಲೆಯಿಂದ ಬರುವ ಮಧುಮೇಹವನ್ನು ವೈದ್ಯರು 3ಸಿ ವಿಧದ ಮಧುಮೇಹವೆಂದು ಕರೆಯುವ ರೂಢಿಯಿದೆ. ನಲವತ್ತು ದಾಟಿದವರಲ್ಲಿ ಸಕ್ಕರೆ ಏರಿದೊಡನೆ ಅದು ಎರಡನೆಯ ವಿಧದ್ದೆಂದು ಬರೆದುಬಿಡುವುದು ಎಲ್ಲೆಡೆ ಸಾಮಾನ್ಯ. ಇಂಗ್ಲೆಂಡಿನ ಕುಟುಂಬ ವೈದ್ಯರ ದಾಖಲೆಗಳನ್ನು ಆಧರಿಸಿ 2017ರಲ್ಲಿ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ರೋಗಿಗಳಲ್ಲಿ ಶೇ 87ಕ್ಕೂ ಹೆಚ್ಚು ಮಂದಿಯನ್ನು ಎರಡನೆಯ ವಿಧದವರೆಂದೇ ನಮೂದಿಸಲಾಗಿತ್ತು. ಐದು ವರ್ಷಗಳೊಳಗೆ ಇನ್ಸುಲಿನ್ ಬೇಕಾದವರ ಪ್ರಮಾಣ ಎರಡನೆಯ ವಿಧದಲ್ಲಿ ಸುಮಾರು ಶೇ 4 ಇದ್ದರೆ, ತೀವ್ರ ಉರಿಯೂತದ ನಂತರ ಮಧುಮೇಹ ಬಂದವರಲ್ಲಿ ಸುಮಾರು ಶೇ 21 ಇತ್ತು.

ಹೆಸರಿನ ವ್ಯತ್ಯಾಸದಿಂದ ಚಿಕಿತ್ಸೆಯೂ ವ್ಯತ್ಯಾಸವಾಗುತ್ತದೆ. ಮಾತ್ರೆಗಳಿಂದ ಸಕ್ಕರೆ ಇಳಿಯದಿದ್ದಾಗ ರೋಗಿ ಪಥ್ಯ ಮಾಡಲಿಲ್ಲವೆಂದು ದೂರುತ್ತ ವರ್ಷಗಳು ಕಳೆಯಬಹುದು. ವಾಸ್ತವದಲ್ಲಿ ಆತನ ಗ್ರಂಥಿಯಲ್ಲಿ ಇನ್ಸುಲಿನ್ನೇ ಕಡಿಮೆಯಾಗಿರುತ್ತದೆ. ಗ್ರಂಥಿಯು ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆಯೆಂಬುದನ್ನು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆಯಿಂದ ಅಂದಾಜಿಸಬಹುದು.

ಯಾವ ಪರೀಕ್ಷೆ, ಯಾವಾಗ?

ಅಮೆರಿಕದ ಮಧುಮೇಹ ಸಂಘವು ತನ್ನ 2024ರ ಮಾರ್ಗದರ್ಶಿಯಲ್ಲಿ, ತೀವ್ರ ಉರಿಯೂತದ ನಂತರ 3ರಿಂದ 6 ತಿಂಗಳೊಳಗೆ ಒಮ್ಮೆ, ಅನಂತರ ಪ್ರತಿ ವರ್ಷ ಮಧುಮೇಹ ಪರೀಕ್ಷೆ ಮಾಡಬೇಕೆಂದು ಶಿಫಾರಸು ಮಾಡಿದೆ. ಈ ಪರೀಕ್ಷೆಗೆ ದೊಡ್ಡ ನಗರ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲಿ ರಕ್ತದ ಸಕ್ಕರೆಯನ್ನು ನೋಡಿಸಬಹುದು. ಫಲಿತಾಂಶಗಳನ್ನು ಹೀಗೆ ಅರ್ಥೈಸಲಾಗುತ್ತದೆ:

ಬರಿಹೊಟ್ಟೆಯ ಸಕ್ಕರೆ: 100ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 100ರಿಂದ 125 ಮಧುಮೇಹದ ಪೂರ್ವಸ್ಥಿತಿ, 126 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ಮಧುಮೇಹ.

75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗಳ ನಂತರ: 140ಕ್ಕಿಂತ ಕಡಿಮೆ ಸಾಮಾನ್ಯ; 140ರಿಂದ 199 ಪೂರ್ವಸ್ಥಿತಿ; 200 ಅಥವಾ ಹೆಚ್ಚು ಮಧುಮೇಹ.

ಎಚ್‌ಬಿಎ1ಸಿ: ಶೇ 5.7ಕ್ಕಿಂತ ಕಡಿಮೆ ಸಾಮಾನ್ಯ, 5.7ರಿಂದ 6.4 ಪೂರ್ವಸ್ಥಿತಿ, 6.5 ಅಥವಾ ಹೆಚ್ಚು ಮಧುಮೇಹ.

ರೋಗಲಕ್ಷಣಗಳಿಲ್ಲದಿದ್ದರೆ ಒಂದೇ ಫಲಿತಾಂಶವನ್ನು ನಂಬದೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಗ್ರಂಥಿಯ ಶಕ್ತಿ ಕುಗ್ಗಿದವರಲ್ಲಿ ಬರಿಹೊಟ್ಟೆಯ ಸಕ್ಕರೆ ಸರಿಯಿದ್ದು ಊಟದ ನಂತರದ್ದು ಮಾತ್ರ ಏರಿರಬಹುದು. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುವುದುಂಟು. ಕಬ್ಬಿಣಾಂಶದ ಕೊರತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿಯೂ, ಇತ್ತೀಚೆಗೆ ರಕ್ತ ಪಡೆದವರಲ್ಲಿ ಕಡಿಮೆಯಾಗಿಯೂ ತೋರಬಹುದು. ಆದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆಯೂ ಜೊತೆಗಿರಲಿ. ವರ್ಷದ ಪರೀಕ್ಷೆಯ ದಿನ ಬರುವ ಮೊದಲೇ ಅತಿಯಾದ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ಕಾಯಬಾರದು.

ಔಷಧಗಳ ಆಯ್ಕೆಯಲ್ಲಿ ಎಚ್ಚರ

ಸಕ್ಕರೆ ಸ್ವಲ್ಪ ಮಟ್ಟಿಗೆ ಏರಿರುವವರಿಗೆ, ಮೂತ್ರಪಿಂಡಗಳು ಸರಿಯಿದ್ದರೆ, ವೈದ್ಯರು ಸಾಮಾನ್ಯವಾಗಿ ಮೆಟ್‌ಫಾರ್ಮಿನ್‌ನಿಂದ ಆರಂಭಿಸುತ್ತಾರೆ. ಮದ್ಯಪಾನ ಮುಂದುವರಿಸುವವರಿಗೆ ಈ ಮಾತ್ರೆಯೂ ಅಪಾಯಕಾರಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ವರ್ಗದ ಮಾತ್ರೆಗಳು ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲವು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಮೊದಲಾದ ಮಾತ್ರೆಗಳನ್ನೂ, ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಮೊದಲಾದವನ್ನೂ ಉರಿಯೂತದ ಇತಿಹಾಸವುಳ್ಳವರಿಗೆ ಕೊಡದಿರುವುದೇ ವಾಡಿಕೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ವರ್ಗದವು ಇನ್ಸುಲಿನ್ ತೀರ ಕಡಿಮೆಯಿರುವವರ ರಕ್ತದಲ್ಲಿ ಕೀಟೋ ಆಮ್ಲ ಹೆಚ್ಚಿಸುವ ಅಪಾಯವಿದೆ. ಇವುಗಳಲ್ಲಿ ಹಲವು ಇಂದು ಅಗ್ಗವಾಗಿ ದೊರೆಯುವ, ದಿನನಿತ್ಯ ಬರೆಯಲಾಗುವ ಮಾತ್ರೆಗಳು. ಹಳೆಯ ಹೊಟ್ಟೆನೋವಿನ ಸಂಗತಿಯನ್ನು ರೋಗಿಯೇ ಹೇಳದಿದ್ದರೆ ಹೊಸ ವೈದ್ಯರಿಗೆ ತಿಳಿಯುವ ದಾರಿಯಿಲ್ಲ.

ತೂಕ ಇಳಿಯುತ್ತಿರುವವರಿಗೆ, ಸಕ್ಕರೆ ಬಹಳ ಏರಿದವರಿಗೆ ಇನ್ಸುಲಿನ್ನೇ ಸೂಕ್ತ. ‘ಒಮ್ಮೆ ಹಿಡಿದರೆ ಬಿಡದು’ ಎಂಬ ಭಯದಿಂದ ಅದನ್ನು ಮುಂದೂಡುವುದುಂಟು. ಗ್ರಂಥಿ ತಯಾರಿಸದಿರುವುದನ್ನು ಹೊರಗಿನಿಂದ ಪೂರೈಸುವುದಷ್ಟೇ ಈ ಚಿಕಿತ್ಸೆಯ ಉದ್ದೇಶ.

ಸಕ್ಕರೆ ಇಳಿದಾಗ

ಈ ವಿಧದ ಮಧುಮೇಹದಲ್ಲಿ ಸಕ್ಕರೆ ಏರುವಷ್ಟೇ ಸುಲಭವಾಗಿ ಕುಸಿಯಲೂಬಹುದು. ಆಲ್ಫಾ ಕೋಶಗಳೂ ಹಾನಿಗೊಂಡಿದ್ದರೆ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಸಾಕಷ್ಟು ಬರುವುದಿಲ್ಲ. ತಿಂದದ್ದು ಸರಿಯಾಗಿ ಜೀರ್ಣವಾಗದಿದ್ದರೆ, ಚುಚ್ಚಿಕೊಂಡ ಇನ್ಸುಲಿನ್ನಿಗೆ ತಕ್ಕಷ್ಟು ಸಕ್ಕರೆ ರಕ್ತ ಸೇರುವುದಿಲ್ಲ. ಮದ್ಯ ಸೇವಿಸಿದ್ದರೆ ಯಕೃತ್ತು ಸಕ್ಕರೆ ಬಿಡುಗಡೆ ಮಾಡಲಾರದು. ಬೆವರು, ನಡುಕ, ಎದೆಬಡಿತ, ತಡವರಿಸುವ ಮಾತು ಇದರ ಲಕ್ಷಣಗಳು. ಕುಡಿದಿದ್ದಾನೆಂದು ಭಾವಿಸಿ ಇಂಥವರನ್ನು ಮಲಗಿಸಿಬಿಡುವುದು ಪ್ರಾಣಾಪಾಯಕ್ಕೆ ದಾರಿ.

ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ, ಎಚ್ಚರವಿರುವ ರೋಗಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108 ಆಂಬುಲೆನ್ಸ್ ಕರೆಯಬೇಕು. ರಂಜಾನ್ ಉಪವಾಸ, ಶ್ರಾವಣದ ಒಪ್ಪತ್ತು, ಏಕಾದಶಿ ಆಚರಿಸುವವರು ಮೊದಲೇ ವೈದ್ಯರನ್ನು ಕಂಡು, ಉಪವಾಸ ಮಾಡಬಹುದೇ, ಮಾಡಿದರೆ ಔಷಧದ ಪ್ರಮಾಣ ಎಷ್ಟೆಂದು ಕೇಳಿಕೊಳ್ಳಬೇಕು.

ಜೀರ್ಣಶಕ್ತಿ ಕುಗ್ಗಿದರೆ

ಸಕ್ಕರೆಯ ಚಿಂತೆಯಲ್ಲಿ ಗ್ರಂಥಿಯ ಇನ್ನೊಂದು ಕೆಲಸ ಮರೆತುಹೋಗುತ್ತದೆ. 2018ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದರಂತೆ ತೀವ್ರ ಉರಿಯೂತದ ನಂತರ ಸುಮಾರು ಶೇ 27ರಷ್ಟು ರೋಗಿಗಳಲ್ಲಿ ಜೀರ್ಣಕಿಣ್ವಗಳ ಕೊರತೆ ಕಂಡುಬಂದಿದೆ. ಎಣ್ಣೆಯಂತೆ ತೇಲುವ, ನೀರು ಹಾಕಿದರೂ ಸುಲಭವಾಗಿ ಹೋಗದ, ದುರ್ವಾಸನೆಯ ಮಲ, ಹೊಟ್ಟೆಯುಬ್ಬರ, ಚೆನ್ನಾಗಿ ಉಂಡರೂ ಇಳಿಯುವ ತೂಕ ಇದರ ಲಕ್ಷಣಗಳು. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ದೇಹಕ್ಕೆ ದಕ್ಕುವುದಿಲ್ಲ. ಮಲದಲ್ಲಿನ ಎಲಾಸ್ಟೇಸ್ ಕಿಣ್ವವು ಪ್ರತಿ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಶಂಕೆ ಬಲವಾಗುತ್ತದೆ.

ಇದಕ್ಕೆ ಪ್ಯಾಂಕ್ರಿಯಾಟಿನ್ ಎಂಬ ಕಿಣ್ವದ ಕ್ಯಾಪ್ಸೂಲ್ ಪರಿಹಾರ. ವಯಸ್ಕರಿಗೆ ಪ್ರತಿ ಪೂರ್ಣ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್ ಆರಂಭದ ಪ್ರಮಾಣ. ಬರಿಹೊಟ್ಟೆಯಲ್ಲಿ ಅಥವಾ ಊಟ ಮುಗಿದ ಎಷ್ಟೋ ಹೊತ್ತಿನ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಊಟದ ಜೊತೆಗೇ ಸೇವಿಸಬೇಕು, ಅಗಿಯಬಾರದು. ಕಿಣ್ವ ಆರಂಭಿಸಿದ ಮೇಲೆ ಆಹಾರ ಹೆಚ್ಚು ಹೀರಲ್ಪಡುವುದರಿಂದ ಸಕ್ಕರೆ ಏರಬಹುದು. ಆಗ ಇನ್ಸುಲಿನ್ ಪ್ರಮಾಣವನ್ನು ಸರಿಹೊಂದಿಸಬೇಕಾಗುತ್ತದೆ.

ಈ ಕಿಣ್ವವನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಿಸಲಾಗುತ್ತದೆಂಬುದನ್ನು ರೋಗಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಲಿಂಗಾಯತ, ಮುಸ್ಲಿಂ ಕುಟುಂಬಗಳು ಹೆಚ್ಚಾಗಿರುವ ಈ ತಾಲ್ಲೂಕುಗಳಲ್ಲಿ ಅದು ಸೂಕ್ಷ್ಮ ವಿಷಯ. ಆಮೇಲೆ ಯಾರಿಂದಲೋ ತಿಳಿದು ಸದ್ದಿಲ್ಲದೆ ಔಷಧ ಬಿಟ್ಟುಬಿಡುವುದಕ್ಕಿಂತ, ವೈದ್ಯರೊಡನೆ ಮತ್ತು ಬೇಕಿದ್ದರೆ ತಾವು ಗೌರವಿಸುವ ಧಾರ್ಮಿಕ ಹಿರಿಯರೊಡನೆ ಮಾತನಾಡಿ ನಿರ್ಧರಿಸುವುದು ಮೇಲು.

ರೊಟ್ಟಿ, ಬೇಳೆ, ಶೇಂಗಾ ಹಿಂಡಿ

ಜೋಳದ ರೊಟ್ಟಿಗೆ ಸಕ್ಕರೆ ಏರಿಸುವ ಗುಣವಿಲ್ಲವೆಂಬ ನಂಬಿಕೆ ಈ ಭಾಗದಲ್ಲಿ ಬೇರೂರಿದೆ. ಜೋಳದಲ್ಲಿ ನಾರಿನಂಶವಿದೆ, ನಿಜ. ಆದರೆ ಅದರ ಹೆಚ್ಚಿನ ಭಾಗ ಪಿಷ್ಟವೇ. ರೊಟ್ಟಿಯಾಗಲಿ ಅನ್ನವಾಗಲಿ ಪ್ರಮಾಣವೇ ಮುಖ್ಯ. ರೊಟ್ಟಿಯ ಸಂಖ್ಯೆಯನ್ನು ದಿನವೂ ಒಂದೇ ರೀತಿ ಇಟ್ಟುಕೊಂಡರೆ ಇನ್ಸುಲಿನ್ ಪ್ರಮಾಣವನ್ನು ಹೊಂದಿಸುವುದು ಸುಲಭ. ತೊಗರಿ ಬೇಳೆಯ ಪಪ್ಪು, ಮೊಳಕೆ ಕಾಳು, ಮಜ್ಜಿಗೆ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಇವುಗಳಿಂದ ಕುಗ್ಗಿದ ಸ್ನಾಯುಗಳಿಗೆ ಬೇಕಾದ ಪ್ರೋಟೀನ್ ದೊರೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಬೇಳೆ ರೋಗಿಯ ತಟ್ಟೆಯಲ್ಲೂ ಇರಲಿ. ಪುಂಡಿ ಪಲ್ಲೆ, ಮೆಂತ್ಯ ಸೊಪ್ಪು, ಸೌತೆಕಾಯಿ ಧಾರಾಳವಾಗಿರಬಹುದು.

ಶೇಂಗಾ ಹಿಂಡಿ, ಎಣ್ಣೆಗಾಯಿಗಳನ್ನು ಉರಿಯೂತ ಕಳೆದ ಆರಂಭದ ವಾರಗಳಲ್ಲಿ ಮಿತಗೊಳಿಸಬೇಕು. ಆದರೆ ಎಣ್ಣೆಯನ್ನು ಜೀವಮಾನವಿಡೀ ಸಂಪೂರ್ಣ ತ್ಯಜಿಸಿದರೆ ತೂಕ ಇನ್ನಷ್ಟು ಇಳಿಯುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರನ್ನು ಬಿಟ್ಟು ಉಳಿದವರು ಹಿತಮಿತವಾಗಿ ಕೊಬ್ಬು ಸೇವಿಸಬಹುದು. ಕಿಣ್ವದ ಕೊರತೆಯಿದ್ದವರು ಕ್ಯಾಪ್ಸೂಲಿನೊಡನೆ. ಮೂರು ದೊಡ್ಡ ಊಟಗಳಿಗಿಂತ ಐದಾರು ಸಣ್ಣ ಊಟಗಳು ಹಿತಕರ.

ಬಿಸಿಲು, ನೆರೆ, ಗುಳೆ

ಇನ್ಸುಲಿನ್ ಬಾಟಲಿಯನ್ನು ತೆರೆಯುವ ಮುನ್ನ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಳಸುತ್ತಿರುವುದನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಇದು ಸುಲಭವಲ್ಲ. ಫ್ರಿಜ್ ಇಲ್ಲದ ಮನೆಯವರು ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಬಾಟಲಿಯನ್ನು ಇರಿಸಬಹುದು. ನೀರು ಆರಿದಂತೆ ಒಳಗೆ ತಂಪಾಗುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಬಳಸುವಂತಿಲ್ಲ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಲವು ಗ್ರಾಮಗಳು ಜಲಾವೃತಗೊಂಡದ್ದನ್ನು ಜನ ಮರೆತಿಲ್ಲ. ನದಿತೀರದ ರೋಗಿಗಳು ಮಳೆಗಾಲದಲ್ಲಿ ಎರಡು ವಾರಗಳಿಗಾಗುವಷ್ಟು ಔಷಧವನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ವಿವೇಕ. ದುಡಿಮೆಗಾಗಿ ಪುಣೆ, ಮುಂಬೈಗಳಿಗೆ ಗುಳೆ ಹೋಗುವವರು ಮೂರನೆಯ ತಿಂಗಳ ಪರೀಕ್ಷೆಯನ್ನು ಹೊರಡುವ ಮುನ್ನ ಮುಗಿಸಿ, ಫಲಿತಾಂಶದ ಪ್ರತಿಯನ್ನು ಒಯ್ಯಬೇಕು.

ಮರುಕಳಿಸದಂತೆ ನೋಡಿಕೊಳ್ಳುವುದು

ಮೊದಲ ದಾಳಿಯ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ಉರಿಯೂತ ಮರುಕಳಿಸುತ್ತದೆ. ಪ್ರತಿ ಮರುಕಳಿಕೆಯೂ ಗ್ರಂಥಿಯ ಉಳಿದ ಶಕ್ತಿಯನ್ನು ಕಸಿಯುತ್ತದೆ. ಪಿತ್ತಕೋಶದ ಕಲ್ಲು ಕಾರಣವಾಗಿದ್ದು ಉರಿಯೂತ ಸೌಮ್ಯವಾಗಿದ್ದರೆ, ಅದೇ ದಾಖಲಾತಿಯಲ್ಲಿ ಪಿತ್ತಕೋಶವನ್ನು ತೆಗೆಯುವುದು ಉತ್ತಮವೆಂದು 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗ ತೋರಿಸಿದೆ. ‘ಸುಗ್ಗಿ ಮುಗಿಯಲಿ’ ಎಂದು ಮುಂದೂಡುವುದು ಅಪಾಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವು ಇರುವುದರಿಂದ, ತಮ್ಮ ಚಿಕಿತ್ಸೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ದಾಖಲಾದಾಗಲೇ ವಿಚಾರಿಸಬೇಕು.

ಮದ್ಯವನ್ನು ಸಂಪೂರ್ಣ ಬಿಡಬೇಕು. ‘ಸ್ವಲ್ಪ’ ಎಂಬ ಸುರಕ್ಷಿತ ಪ್ರಮಾಣ ಇವರಿಗಿಲ್ಲ. ಬೀಡಿ, ಸಿಗರೇಟು ಗ್ರಂಥಿಗೆ ಪ್ರತ್ಯೇಕವಾಗಿಯೇ ಹಾನಿಕರ. ಕೀಟನಾಶಕ ಸಿಂಪಡಿಸುವವರು ಮುಖಗವಸು, ಕೈಗವಸು ಧರಿಸಿ, ಗಾಳಿಗೆ ಎದುರಾಗಿ ಸಿಂಪಡಿಸದಿರಬೇಕು. ಕಾರಣ ತಿಳಿಯದ ಉರಿಯೂತವಾಗಿ, ನಡುವಯಸ್ಸು ದಾಟಿದವರಲ್ಲಿ ಹೊಸ ಮಧುಮೇಹದೊಡನೆ ತೂಕವೂ ಇಳಿಯುತ್ತಿದ್ದರೆ ಗ್ರಂಥಿಯಲ್ಲಿ ಗಡ್ಡೆಯಿಲ್ಲವೆಂದು ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಳ್ಳಬೇಕು.

ಕಾಪಿಡಬೇಕಾದ ಕಾಗದ

ಆಸ್ಪತ್ರೆಯಿಂದ ಹೊರಡುವಾಗ ರೋಗಿಯ ಕೈಯಲ್ಲಿ ಬಿಡುಗಡೆ ಪತ್ರವಿರಬೇಕು. ಅದರಲ್ಲಿ ಉರಿಯೂತದ ಕಾರಣ, ದಾಖಲಾದಾಗಿನ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ ಪ್ರಮಾಣ, ಸ್ಕ್ಯಾನಿಂಗ್ ವರದಿ, ಪಿತ್ತಕೋಶದ ಸ್ಥಿತಿ ಮತ್ತು ಮುಂದಿನ ಸಕ್ಕರೆ ಪರೀಕ್ಷೆಯ ತಿಂಗಳು ನಮೂದಾಗಿರಲಿ. ಆ ಪತ್ರದ ಒಂದು ಪ್ರತಿಯನ್ನು ತಮ್ಮ ತಾಲ್ಲೂಕಿನ ವೈದ್ಯರಿಗೆ ತೋರಿಸಿ, ಮೂಲಪ್ರತಿಯನ್ನು ಪಡಿತರ ಚೀಟಿ, ಪಹಣಿಯ ಜೊತೆಗೆ ಜೋಪಾನವಾಗಿಡಬೇಕು. ಮುಂದೆಂದಾದರೂ ಯಾವುದೇ ಊರಿನ ವೈದ್ಯರು ‘ಸಕ್ಕರೆ ಕಾಯಿಲೆ ಯಾವಾಗಿನಿಂದ?’ ಎಂದು ಕೇಳಿದಾಗ, ಉತ್ತರವನ್ನು ಮಧುಮೇಹ ಪತ್ತೆಯಾದ ದಿನದಿಂದ ಆರಂಭಿಸದೆ, ಅದಕ್ಕೂ ಮೊದಲು ಬಂದಿದ್ದ ಹೊಟ್ಟೆನೋವಿನಿಂದ ಆರಂಭಿಸಬೇಕು. ಸರಿಯಾದ ಚಿಕಿತ್ಸೆಗೆ ಆ ಒಂದು ಮಾತು ದಾರಿ ತೆರೆಯುತ್ತದೆ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಔಷಧದ ಆರಂಭ, ಬದಲಾವಣೆ ಅಥವಾ ನಿಲುಗಡೆ ವೈದ್ಯರ ಸಲಹೆಯಂತೆಯೇ ಆಗಬೇಕು.)